ಎಬಿಐ ಪರೀಕ್ಷೆ: ಎರಡು ಕಡೆ ಮಾಡಿಸಿಕೊಂಡ ಮೇಲೆ

ಕಾಲಿನ ಅಪಧಮನಿಗಳಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ತಿಳಿಯಲು ಮಾಡುವ ಎಬಿಐ, ಅಂದರೆ ಆಂಕಲ್ ಬ್ರೇಕಿಯಲ್ ಇಂಡೆಕ್ಸ್ ಎಂಬ ಪರೀಕ್ಷೆಯನ್ನು ಆರು ವಾರಗಳ ಅಂತರದಲ್ಲಿ ಎರಡು ಕಡೆ ಮಾಡಿಸಿಕೊಂಡೆ. ಮೊದಲನೆಯ ಕಡೆ ಅದು ಪೂರ್ಣ ದೇಹ ತಪಾಸಣೆಯ ಪ್ಯಾಕೇಜಿನಲ್ಲಿದ್ದ ಹತ್ತಾರು ಪರೀಕ್ಷೆಗಳಲ್ಲಿ ಒಂದಾಗಿತ್ತು. ಎರಡನೆಯ ಕಡೆ, ರಕ್ತನಾಳಗಳ ಪರೀಕ್ಷೆಗೆಂದೇ ಮೀಸಲಾದ ಪ್ರಯೋಗಾಲಯದಲ್ಲಿ ತರಬೇತಾದ ತಂತ್ರಜ್ಞರೊಬ್ಬರು ಅದನ್ನು ಕೈಯಾರೆ ಮಾಡಿದರು. ಎರಡೂ ಸಂಸ್ಥೆಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾಗಿರುವುದು ಸಂಸ್ಥೆಗಳಿಗಿಂತ ಹೆಚ್ಚಾಗಿ ಪರೀಕ್ಷೆಯನ್ನು ಮಾಡುವ ಕ್ರಮದ ಬಗ್ಗೆ, ಅದಕ್ಕೂ ಹೆಚ್ಚಾಗಿ ಪರೀಕ್ಷೆ ಮುಗಿದ ಮೇಲೆ ರೋಗಿಗೆ ಹೇಳುವ ಅಥವಾ ಹೇಳದೆ ಬಿಡುವ ಒಂದು ಮಾತಿನ ಬಗ್ಗೆ. ಕಾಲಿನ ಪರೀಕ್ಷೆ ಎಂಬ ಹೆಸರಿನಲ್ಲಿ ಕೈಗೆ ಸಿಗುವ ಈ ಅಂಕಿ ಬಹುಮಟ್ಟಿಗೆ ಹೃದಯದ ವಿಷಯವನ್ನೇ ಹೇಳುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಸೇವೆಗೂ ಹೇಳದ ಸೇವೆಗೂ ಇರುವ ವ್ಯತ್ಯಾಸ ಯಂತ್ರಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಏರುದಾರಿಯಲ್ಲಿ ನಡೆಯುವಾಗ ಎಡಗಾಲಿನ ಮೀನಖಂಡ ಬಿಗಿದುಕೊಂಡಂತಾಗಿ ನೋಯುತ್ತಿತ್ತು. ನಿಂತರೆ ಎರಡು ಮೂರು ನಿಮಿಷಗಳಲ್ಲಿ ನೋವು ಪೂರ್ತಿಯಾಗಿ ಹೋಗುತ್ತಿತ್ತು, ಮತ್ತೆ ಅಷ್ಟೇ ದೂರ ನಡೆದರೆ ಅದೇ ಜಾಗದಲ್ಲಿ ಮರಳುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಒಂದು ವರ್ಷ ಸುಮ್ಮನಿದ್ದೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಕ್ಲಾಡಿಕೇಶನ್ ಎಂಬ ಹೆಸರಿದೆ, ಅದು ಕುಂಟುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಬೆನ್ನುಹುರಿಯ ನಾಳ ಕಿರಿದಾದಾಗಲೂ ನಡೆಯುವಾಗ ಕಾಲು ನೋಯುತ್ತದೆ, ಆದರೆ ಆ ನೋವು ಸುಮ್ಮನೆ ನಿಂತರೆ ಹೋಗುವುದಿಲ್ಲ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಕಡಿಮೆಯಾಗುತ್ತದೆ. ನನ್ನದು ನಿಂತರೆ ಹೋಗುವ ನೋವು. ಅಷ್ಟನ್ನು ಕೇಳಿ ತಿಳಿದ ನಮ್ಮ ಕುಟುಂಬ ವೈದ್ಯರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿ, ಎಡಭಾಗದಲ್ಲಿ ಅದು ದುರ್ಬಲವಾಗಿದೆ ಎಂದು ಹೇಳಿ, ಎಬಿಐ ಮಾಡಿಸಲು ಬರೆದುಕೊಟ್ಟರು.

ಪರೀಕ್ಷೆಯ ತತ್ತ್ವ ಸರಳವಾದದ್ದು. ಕಣಕಾಲಿನಲ್ಲಿ ಅಳೆದ ರಕ್ತದೊತ್ತಡದ ಮೇಲಿನ ಅಂಕಿಯನ್ನು ತೋಳಿನಲ್ಲಿ ಅಳೆದ ಮೇಲಿನ ಅಂಕಿಯಿಂದ ಭಾಗಿಸಬೇಕು. ಆರೋಗ್ಯವಂತರು ಮಲಗಿರುವಾಗ ಕಣಕಾಲಿನ ಒತ್ತಡ ತೋಳಿನದಕ್ಕೆ ಸಮನಾಗಿರುತ್ತದೆ, ಇಲ್ಲವೇ ತುಸು ಹೆಚ್ಚೇ ಇರುತ್ತದೆ. ಆದ್ದರಿಂದ 1.00ರಿಂದ 1.40ರವರೆಗಿನ ಫಲಿತಾಂಶವನ್ನು ಸಹಜವೆಂದೂ, 0.91ರಿಂದ 0.99ರವರೆಗಿನದನ್ನು ಗಡಿಯಲ್ಲಿರುವುದೆಂದೂ, 0.90 ಅಥವಾ ಅದಕ್ಕಿಂತ ಕಡಿಮೆಯಾದದ್ದನ್ನು ಕಾಲಿನ ಅಪಧಮನಿ ರೋಗವೆಂದೂ ಪರಿಗಣಿಸುತ್ತಾರೆ. ಕಣಕಾಲಿನ ಒತ್ತಡದಿಂದ ರಕ್ತನಾಳದ ಅಡಚಣೆಯನ್ನು ಅಳೆಯಬಹುದೆಂದು ಟ್ರಾವಿಸ್ ವಿನ್ಸರ್ ಎಂಬ ವೈದ್ಯರು 1950ರಲ್ಲೇ ತೋರಿಸಿದ್ದರು. ಸೂಜಿಯಿಲ್ಲ, ವಿಕಿರಣವಿಲ್ಲ, ನೋವೆಂದರೆ ರಕ್ತದೊತ್ತಡ ಅಳೆಯುವ ಪಟ್ಟಿ ಬಿಗಿದಾಗ ಆಗುವಷ್ಟೇ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವ ಈ ಸರಳ ಪರೀಕ್ಷೆಯನ್ನು ಹೇಗೆ ಕೆಡಿಸಬಹುದು ಎಂಬುದನ್ನು ಮೊದಲನೆಯ ಸಂಸ್ಥೆಯಲ್ಲಿ ಕಂಡೆ.

ಅಲ್ಲಿ ಮೆಟ್ಟಿಲು ಹತ್ತಿ ಬಂದವನನ್ನು ನೇರವಾಗಿ ಮಂಚದ ಮೇಲೆ ಮಲಗಿಸಿ, ಒಂದು ನಿಮಿಷವೂ ಕಳೆಯುವ ಮೊದಲೇ ಪಟ್ಟಿಗಳನ್ನು ಕಟ್ಟಿದರು. ಈ ಪರೀಕ್ಷೆಗೆ ಮುಂಚೆ ಐದರಿಂದ ಹತ್ತು ನಿಮಿಷ ಅಂಗಾತ ಮಲಗಿ ವಿಶ್ರಾಂತಿ ಪಡೆಯಬೇಕೆಂಬುದು ಮೂಲಭೂತ ನಿಯಮ, ಏಕೆಂದರೆ ನಡಿಗೆಯಿಂದ ಕಣಕಾಲಿನ ಒತ್ತಡವೂ ತೋಳಿನ ಒತ್ತಡವೂ ಬದಲಾಗಿರುತ್ತವೆ. ಎರಡೂ ಕಾಲುಗಳಿಗೆ ಪಟ್ಟಿ ಕಟ್ಟಿದವರು ತೋಳಿನಲ್ಲಿ ಮಾತ್ರ ಎಡಗಡೆಗಷ್ಟೇ ಕಟ್ಟಿದರು. ಇದು ಸಣ್ಣ ಉದಾಸೀನದಂತೆ ಕಾಣುತ್ತದೆ, ಆದರೆ ಸಣ್ಣದಲ್ಲ. ಎರಡೂ ತೋಳುಗಳನ್ನು ಅಳೆದು ಹೆಚ್ಚಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ನಿಯಮ ಇರುವುದು, ಕಾಲಿನ ನಾಳಗಳಲ್ಲಿ ಜಿಡ್ಡು ಕಟ್ಟಿಕೊಂಡವರಿಗೆ ತೋಳಿಗೆ ಹೋಗುವ ನಾಳವೂ ಕಿರಿದಾಗಿರುವ ಸಂಭವ ಇರುವುದರಿಂದಲೇ. ಕಿರಿದಾದ ಕಡೆಯ ತೋಳನ್ನಷ್ಟೇ ಅಳೆದರೆ ಭಾಜಕ ಚಿಕ್ಕದಾಗಿ, ರೋಗವಿರುವ ಕಾಲಿನ ಫಲಿತಾಂಶವೂ ಚೆನ್ನಾಗಿಯೇ ಕಾಣುತ್ತದೆ.

ಸ್ವಯಂಚಾಲಿತ ಯಂತ್ರ ಬಲಗಾಲಿನ ಅಂಕಿಯನ್ನು ಕೂಡಲೇ ಕೊಟ್ಟಿತು. ಎಡಗಾಲಿಗೆ ಬಂದಾಗ ಪರದೆಯ ಮೇಲೆ ದೋಷ ಎಂಬ ಸೂಚನೆ ಬಂದಿತು. ಪಟ್ಟಿಯನ್ನು ಬಿಚ್ಚಿ ಕಟ್ಟಿ ಮತ್ತೆ ಪ್ರಯತ್ನಿಸಿದರೂ ಅದೇ ಆಯಿತು. ಮೂರನೆಯ ಬಾರಿ ಹೇಗೋ ಒಂದು ಅಂಕಿ ಮೂಡಿದಾಗ ಅಲ್ಲಿದ್ದ ಸಿಬ್ಬಂದಿ ಸಮಾಧಾನದಿಂದ ಅದನ್ನೇ ಬರೆದುಕೊಂಡರು. ಬಲಗಾಲು 1.02, ಎಡಗಾಲು 0.93. ವರದಿಯ ಕೊನೆಯಲ್ಲಿ ಗಡಿಯಲ್ಲಿದೆ, ವಿಶೇಷವೇನಿಲ್ಲ ಎಂಬ ಷರಾ. ಅದನ್ನು ಓದಿ ನನಗೂ ಸಮಾಧಾನವೇ ಆಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಆ ಎರಡು ದೋಷದ ಸೂಚನೆಗಳೇ ಆ ದಿನದ ನಿಜವಾದ ಫಲಿತಾಂಶವಾಗಿದ್ದವು ಎಂದು ನನಗೆ ತಿಳಿದದ್ದು ಆರು ವಾರಗಳ ನಂತರ. ಇಂಥ ಯಂತ್ರಗಳು ರಕ್ತದ ಸದ್ದನ್ನು ಕೇಳುವುದಿಲ್ಲ. ನಾಡಿಯ ಬಡಿತದಿಂದ ಪಟ್ಟಿಯೊಳಗಿನ ಗಾಳಿಯಲ್ಲಿ ಏಳುವ ಸಣ್ಣ ಕಂಪನಗಳನ್ನು ಹಿಡಿದು, ಅವುಗಳಿಂದ ಒತ್ತಡವನ್ನು ಲೆಕ್ಕ ಹಾಕುತ್ತವೆ. ಮೇಲೆಲ್ಲೋ ನಾಳ ಕಟ್ಟಿಕೊಂಡು ಕೆಳಗೆ ಬರುವ ಬಡಿತವೇ ಕ್ಷೀಣಿಸಿದ್ದರೆ ಯಂತ್ರಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಸಿಕ್ಕಿದರೂ ಕಡಿಮೆ ಒತ್ತಡಗಳ ಮಟ್ಟದಲ್ಲಿ ಅದು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಒಲವುಳ್ಳದ್ದು. ರೋಗವಿಲ್ಲದ ಕಾಲಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಸಾಧನ, ರೋಗ ಹೆಚ್ಚಾದಂತೆ ನಂಬಿಕೆಗೆ ದೂರವಾಗುತ್ತದೆ. ಹಾಗೆಂದು ಯಂತ್ರವನ್ನೇ ದೂರುವುದು ನ್ಯಾಯವಲ್ಲ, ಅದು ತನಗೆ ತಿಳಿಯುತ್ತಿಲ್ಲವೆಂದು ಎರಡು ಬಾರಿ ಹೇಳಿತ್ತು. ಒಂದು ಕಾಲಿನಲ್ಲಿ ಅಂಕಿ ಸುಲಭವಾಗಿ ಬಂದು ಇನ್ನೊಂದರಲ್ಲಿ ಬಾರದೆ ಹೋದಾಗ, ಅದನ್ನು ಪಟ್ಟಿಯ ತೊಂದರೆ ಎಂದು ತಳ್ಳಿಹಾಕದೆ, ಧ್ವನಿತರಂಗಗಳ ಮೂಲಕ ರಕ್ತದ ಹರಿವಿನ ಸದ್ದನ್ನು ಕೇಳಿಸುವ ಡಾಪ್ಲರ್ ಪರೀಕ್ಷೆಗೆ ಕಳುಹಿಸಬೇಕೆಂಬ ತಿಳಿವಳಿಕೆ ಇರಬೇಕಾದದ್ದು ಯಂತ್ರದ ಪಕ್ಕದಲ್ಲಿ ನಿಂತವರಿಗೆ.

ಎರಡನೆಯ ಸಂಸ್ಥೆಗೆ ಹೋದದ್ದು ಕುಟುಂಬ ವೈದ್ಯರ ಒತ್ತಾಯದಿಂದ. ತಮ್ಮ ಬೆರಳಿಗೆ ದುರ್ಬಲವಾಗಿ ಸಿಕ್ಕಿದ್ದ ನಾಡಿ ಯಂತ್ರಕ್ಕೆ ಅಷ್ಟು ಚೆನ್ನಾಗಿ ಸಿಕ್ಕಿದ್ದನ್ನು ಅವರು ನಂಬಲಿಲ್ಲ. ಇಲ್ಲಿ ಹಿಂದಿನ ದಿನವೇ ದೂರವಾಣಿಯಲ್ಲಿ, ಬರುವ ಮುನ್ನ ಕಾಫಿ, ಚಹಾ, ಧೂಮಪಾನ ಬೇಡವೆಂದು ಹೇಳಿದ್ದರು. ತಣ್ಣಗಿರದ ಕೋಣೆಯಲ್ಲಿ ಹತ್ತು ನಿಮಿಷ ಮಲಗಿಸಿದರು. ತೋಳಿಗೂ ಕಾಲಿಗೂ ಅಳತೆಗೆ ತಕ್ಕ ಬೇರೆ ಬೇರೆ ಪಟ್ಟಿಗಳಿದ್ದವು. ಕಾಲಿನಲ್ಲಿ ಗಾಯವಿದೆಯೇ, ಹಿಂದೆ ಬೈಪಾಸ್ ಆಗಿದೆಯೇ, ಇತ್ತೀಚೆಗೆ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದ ಮೇಲೆಯೇ ಪಟ್ಟಿ ಕಟ್ಟಿದರು, ಅಂಥ ಕಾಲಿನ ಮೇಲೆ ಒತ್ತಡ ಹಾಕುವುದು ಸರಿಯಲ್ಲ. ಆಮೇಲೆ ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಸಲಾಕೆಯನ್ನು ಓರೆಯಾಗಿ ಹಿಡಿದು, ಪಾದದ ಮೇಲ್ಭಾಗದ ಅಪಧಮನಿಯನ್ನೂ ಕಣಕಾಲಿನ ಒಳಬದಿಯ ಮೂಳೆಯ ಹಿಂದಿನ ಅಪಧಮನಿಯನ್ನೂ ಒಂದೊಂದಾಗಿ ಹುಡುಕಿದರು.

ಆ ಸದ್ದನ್ನು ಕುರಿತು ಒಂದೆರಡು ಮಾತು ಹೇಳಬೇಕು, ಏಕೆಂದರೆ ಯಾವ ವರದಿಯೂ ಹೇಳದಷ್ಟು ಸ್ಪಷ್ಟವಾಗಿ ರೋಗವನ್ನು ನನಗೆ ತಿಳಿಸಿದ್ದು ಅದೇ. ಬಲಗಾಲಿನಲ್ಲಿ ಪ್ರತಿ ಬಡಿತವೂ ಚುರುಕಾಗಿ ಎದ್ದು, ಒಡೆದು, ಮತ್ತೆ ಸಣ್ಣದಾಗಿ ಮರುಕಳಿಸುತ್ತಿತ್ತು. ಎಡಗಾಲಿಗೆ ಸಲಾಕೆ ಬಂದಾಗ ಆ ಚುರುಕು ಇರಲಿಲ್ಲ. ದೂರದಲ್ಲಿ ಯಾರೋ ಉಸಿರೆಳೆದು ಬಿಡುತ್ತಿರುವಂತೆ, ಏರಿಳಿತವಿಲ್ಲದ ಒಂದೇ ಮಂದ ಸದ್ದು. ತಂತ್ರಜ್ಞರು ಏನನ್ನೂ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು. ಪಟ್ಟಿಯ ಒತ್ತಡವನ್ನು ಏರಿಸಿ ಸದ್ದು ನಿಲ್ಲುವಂತೆ ಮಾಡಿ, ಮೆಲ್ಲನೆ ಇಳಿಸುತ್ತ, ಸದ್ದು ಮರಳಿದ ಕ್ಷಣದ ಅಂಕಿಯನ್ನು ಗುರುತಿಸಿದರು. ಬಲತೋಳು 150, ಎಡತೋಳು 144, ಬಲ ಕಣಕಾಲು 147, ಎಡ ಕಣಕಾಲಿನ ಎರಡು ನಾಳಗಳಲ್ಲಿ 108 ಮತ್ತು 102. ಹೆಚ್ಚಿನದನ್ನು ತೆಗೆದುಕೊಂಡರೂ 108ನ್ನು 150ರಿಂದ ಭಾಗಿಸಿದರೆ 0.72. ವಿಶೇಷವೇನಿಲ್ಲ ಎಂಬ ಷರಾ ಪಡೆದಿದ್ದ ಕಾಲು ಅದೇ.

ವರದಿಯೊಂದಿಗೆ ಅಲ್ಲಿನ ರಕ್ತನಾಳ ತಜ್ಞರ ಮುಂದೆ ಕುಳಿತಾಗ ಅವರು ಕಾಲಿನ ಬಗ್ಗೆ ಮಾತನಾಡುತ್ತಾರೆಂದು ನಿರೀಕ್ಷಿಸಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ ಎದೆಯಲ್ಲಿ ಎಂದಾದರೂ ಬಿಗಿತವಾಗಿದೆಯೇ ಎಂಬುದು. ಇಲ್ಲವೆಂದೆ. ಎದೆ ನೋಯುವಷ್ಟು ವೇಗವಾಗಿ ನೀವು ನಡೆದಿರುವುದು ಯಾವಾಗ ಎಂದು ಅವರು ಮರಳಿ ಕೇಳಿದರು. ಉತ್ತರ ಹೊಳೆಯಲಿಲ್ಲ. ಕಾಲು ನೋಯುವವನು ಹೃದಯಕ್ಕೆ ಶ್ರಮವಾಗುವ ಮೊದಲೇ ನಿಂತುಬಿಡುತ್ತಾನೆ, ಆದ್ದರಿಂದ ಹೃದಯದ ನಾಳ ಕಿರಿದಾಗಿದ್ದರೂ ಅದು ದೂರು ಕೊಡುವ ಅವಕಾಶವೇ ಬರುವುದಿಲ್ಲ. ಹೃದಯ ದುರ್ಬಲವಾಗಿ ಹತ್ತು ಹೆಜ್ಜೆಗೆ ಏದುಸಿರು ಬರುವವರಲ್ಲಿ ಇದು ತಿರುಗುಮುರುಗಾಗಿ, ಕಾಲು ನೋಯುವಷ್ಟು ದೂರವನ್ನು ಅವರು ನಡೆಯುವುದೇ ಇಲ್ಲ. ಒಂದು ರೋಗ ಇನ್ನೊಂದನ್ನು ಹೀಗೆ ಮರೆಮಾಚುತ್ತದೆ ಎಂಬುದನ್ನು ನಾನು ಹಿಂದೆ ಯೋಚಿಸಿರಲಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ಪರೀಕ್ಷಿಸುವ ಮಾಮೂಲಿ ಕ್ರಮವೂ ಇಂಥ ರೋಗಿಗಳಲ್ಲಿ ಅರ್ಧಕ್ಕೇ ನಿಲ್ಲಬಹುದಾದ್ದರಿಂದ, ಪರೀಕ್ಷೆ ಬೇಕೆನಿಸಿದಾಗ ಔಷಧಿಯಿಂದ ಹೃದಯಕ್ಕೆ ಶ್ರಮ ಕೊಟ್ಟು ನೋಡುತ್ತಾರಂತೆ.

ಕಾಲಿನ ನಾಳ ಕಟ್ಟುವುದೂ ಹೃದಯದ ನಾಳ ಕಟ್ಟುವುದೂ ಎರಡು ರೋಗಗಳಲ್ಲ. ಅಪಧಮನಿಯ ಒಳಗೋಡೆಯಲ್ಲಿ ಕೊಲೆಸ್ಟರಾಲ್ ಸೇರಿ, ಉರಿಯೂತವಾಗಿ, ಗಟ್ಟಿಯಾದ ಪದರ ಬೆಳೆಯುವ ಒಂದೇ ಪ್ರಕ್ರಿಯೆ ಕಾಲು, ಹೃದಯ, ಕುತ್ತಿಗೆ ಎನ್ನದೆ ಎಲ್ಲೆಡೆ ನಡೆಯುತ್ತಿರುತ್ತದೆ. ಯಾವ ಜಾಗದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ ಎಂಬುದಷ್ಟೇ ಬೇರೆ. ಧೂಮಪಾನ ಮತ್ತು ಮಧುಮೇಹಗಳಿದ್ದಲ್ಲಿ ಕಾಲಿನ ಮೇಲೆ ಅದರ ಹೊಡೆತ ವಿಶೇಷವಾಗಿ ಜೋರು. 1992ರಲ್ಲಿ ಪ್ರಕಟವಾದ, 565 ಜನರನ್ನು ಹತ್ತು ವರ್ಷ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಕಾಲಿನ ದೊಡ್ಡ ಅಪಧಮನಿಗಳ ರೋಗವಿದ್ದವರು ಹೃದಯದ ಅಪಧಮನಿ ರೋಗದಿಂದ ಸಾಯುವ ಅಪಾಯ ಉಳಿದವರಿಗಿಂತ ಆರು ಪಟ್ಟಿಗೂ ಹೆಚ್ಚಾಗಿತ್ತು. 2008ರಲ್ಲಿ 16 ಅಧ್ಯಯನಗಳ 48,294 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಎಬಿಐ 0.90 ಅಥವಾ ಅದಕ್ಕಿಂತ ಕಡಿಮೆಯಿದ್ದ ಪುರುಷರಲ್ಲಿ ಹತ್ತು ವರ್ಷಗಳೊಳಗೆ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಸತ್ತವರು ಶೇ 18.7, ಅಂಕಿ ಸಹಜವಾಗಿದ್ದ ಪುರುಷರಲ್ಲಿ ಶೇ 4.4, ಮಹಿಳೆಯರಲ್ಲಿ ಶೇ 12.6 ಮತ್ತು ಶೇ 4.1. ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳನ್ನು ಕೂಡಿಸಿ ಹಾಕುವ ಮಾಮೂಲಿ ಅಪಾಯದ ಲೆಕ್ಕದಲ್ಲಿ ಒಂದೇ ವರ್ಗಕ್ಕೆ ಬರುವವರ ನಡುವೆಯೂ, ಕಡಿಮೆ ಎಬಿಐ ಇದ್ದವರ ಅಪಾಯ ಸುಮಾರು ಎರಡರಷ್ಟಿತ್ತು.

ನಡೆದರೆ ಕಾಲು ನೋಯುತ್ತದೆ ಎಂದು ತಿಳಿದವನ ದೊಡ್ಡ ಭಯ ಕಾಲು ಕಳೆದುಕೊಳ್ಳುವುದು. ನನ್ನ ಭಯವೂ ಅದೇ ಆಗಿತ್ತು. ಆದರೆ ನಡೆಯುವಾಗ ಮಾತ್ರ ನೋವಿರುವವರಲ್ಲಿ ಐದು ವರ್ಷಗಳೊಳಗೆ ಕಾಲಿಗೇ ಕುತ್ತು ಬರುವ ಹಂತ ತಲುಪುವವರು ನೂರಕ್ಕೆ ಒಬ್ಬಿಬ್ಬರು ಎಂದೂ, ಅದೇ ಐದು ವರ್ಷಗಳಲ್ಲಿ ಪ್ರಾಣಾಪಾಯವಾಗದ ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಗುರಿಯಾಗುವವರು ಸುಮಾರು ಇಪ್ಪತ್ತು ಮಂದಿ ಎಂದೂ 2005ರ ಅಮೆರಿಕದ ಹೃದ್ರೋಗ ಸಂಸ್ಥೆಗಳ ಮಾರ್ಗಸೂಚಿ ಲೆಕ್ಕ ಕೊಟ್ಟಿತ್ತು. ಭಯಪಡಬೇಕಾದ ಜಾಗವೇ ಬೇರೆ. ಮೊದಲನೆಯ ಸಂಸ್ಥೆಯ ಮೇಲಿನ ನನ್ನ ಮುಖ್ಯ ಆಕ್ಷೇಪ ತಪ್ಪು ಅಂಕಿಯಲ್ಲ. ಸರಿಯಾದ ಅಂಕಿ ಬಂದಿದ್ದರೂ ಅವರ ವರದಿಯ ನಮೂನೆಯಲ್ಲಿ ಹೃದಯ ಎಂಬ ಪದಕ್ಕೆ ಜಾಗವೇ ಇರಲಿಲ್ಲ. ಅದೇ ಪ್ಯಾಕೇಜಿನಲ್ಲಿ ನನ್ನ ಇಸಿಜಿಯೂ ಕೊಲೆಸ್ಟರಾಲ್ ಪರೀಕ್ಷೆಯೂ ಆಗಿದ್ದವು, ಆದರೆ ಅವು ಕಡತದ ಬೇರೆ ಪುಟಗಳಲ್ಲಿದ್ದವು. ಆ ಪುಟಗಳನ್ನು ಒಟ್ಟಿಗೆ ಓದುವ ಹೊಣೆ ಯಾರದೂ ಆಗಿರಲಿಲ್ಲ.

ಎರಡನೆಯ ಸಂಸ್ಥೆಯನ್ನೂ ಪೂರ್ತಿಯಾಗಿ ಹೊಗಳಲಾರೆ. ವೈದ್ಯರು ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಇಳಿದಿರಲಿಲ್ಲ. ಮುದ್ರಿತ ವರದಿಯಲ್ಲಿದ್ದದ್ದು ಎಡಗಾಲಿನಲ್ಲಿ ಮಧ್ಯಮ ಪ್ರಮಾಣದ ಅಪಧಮನಿ ರೋಗ ಎಂಬ ಒಂದೇ ವಾಕ್ಯ. ನಾಳೆ ಆ ಕಾಗದವನ್ನು ನೋಡುವ ಹಲ್ಲಿನ ವೈದ್ಯರೋ ಕಣ್ಣಿನ ವೈದ್ಯರೋ ಅದನ್ನು ಕಾಲಿನ ತೊಂದರೆಯೆಂದೇ ಓದುತ್ತಾರೆ. ಇದು ಹಳೆಯ ಕಾಯಿಲೆ: 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ 350 ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ 70 ದಾಟಿದವರನ್ನೂ 50ರಿಂದ 69ರೊಳಗಿನ ಧೂಮಪಾನಿಗಳನ್ನೂ ಮಧುಮೇಹಿಗಳನ್ನೂ ಪರೀಕ್ಷಿಸಿದಾಗ ಶೇ 29ರಷ್ಟು ಮಂದಿಯಲ್ಲಿ ಈ ರೋಗ ಸಿಕ್ಕಿತ್ತು, ಮೊದಲೇ ರೋಗ ಪತ್ತೆಯಾಗಿದ್ದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿದ್ದರೂ, ಅವರ ವೈದ್ಯರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಅದರ ಅರಿವಿತ್ತು. ನನ್ನಂತೆ ಪುಸ್ತಕದಲ್ಲಿ ಬರೆದಂಥ ಲಕ್ಷಣವಿದ್ದವರು ಆ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಷ್ಟೇ.

ಹಾಗಾದರೆ ಎಲ್ಲರೂ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕೇ ಎಂದರೆ, ಇಲ್ಲ. ಲಕ್ಷಣಗಳಿಲ್ಲದ ಎಲ್ಲರನ್ನೂ ಎಬಿಐನಿಂದ ತಪಾಸಣೆ ಮಾಡುವುದರ ಪರವಾಗಿಯೂ ವಿರೋಧವಾಗಿಯೂ ಸಾಕಷ್ಟು ಪುರಾವೆ ಇಲ್ಲವೆಂದು ರೋಗ ತಡೆಯ ಬಗ್ಗೆ ಸಲಹೆ ನೀಡುವ ಅಮೆರಿಕದ ತಜ್ಞರ ಸಮಿತಿ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ 2018ರಲ್ಲಿ ಹೇಳಿದೆ. ಡೆನ್ಮಾರ್ಕಿನಲ್ಲಿ 65ರಿಂದ 74 ವಯಸ್ಸಿನ ಐವತ್ತು ಸಾವಿರ ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಟ್ಟೆಯ ಮಹಾಪಧಮನಿಯ ಉಬ್ಬು, ಕಾಲಿನ ಅಪಧಮನಿ ರೋಗ ಮತ್ತು ರಕ್ತದೊತ್ತಡ ಮೂರನ್ನೂ ಒಟ್ಟಿಗೆ ತಪಾಸಣೆ ಮಾಡಿದ್ದರಿಂದ ಸಾವಿನ ಪ್ರಮಾಣ ಶೇ 7ರಷ್ಟು ತಗ್ಗಿತ್ತು, ಆದರೆ ಅದರಲ್ಲಿ ಎಬಿಐನ ಪಾಲು ಎಷ್ಟೆಂದು ಬೇರ್ಪಡಿಸುವುದು ಸುಲಭವಲ್ಲ. ನಡೆದರೆ ಕಾಲು ನೋಯುವವರು, ಪಾದದ ಗಾಯ ಮಾಯದವರು, ದೀರ್ಘಕಾಲ ಧೂಮಪಾನ ಮಾಡಿದವರು ಮತ್ತು ಮಧುಮೇಹ ಇರುವವರು ವೈದ್ಯರೊಂದಿಗೆ ಮಾತನಾಡಿ ಮಾಡಿಸಿಕೊಳ್ಳುವುದಕ್ಕೆ ಅರ್ಥವಿದೆ. ಮಧುಮೇಹಿಗಳೂ ಮೂತ್ರಪಿಂಡದ ತೊಂದರೆಯುಳ್ಳವರೂ ಒಂದು ಎಚ್ಚರಿಕೆಯನ್ನು ನೆನಪಿಡಬೇಕು. ಅವರ ನಾಳಗಳ ಗೋಡೆಯಲ್ಲಿ ಸುಣ್ಣ ಸೇರಿ ಪಟ್ಟಿಯ ಒತ್ತಡಕ್ಕೆ ನಾಳ ಬಗ್ಗದಂತಾಗುವುದರಿಂದ, ಅಂಕಿ 1.40 ದಾಟಬಹುದು ಅಥವಾ ರೋಗವಿದ್ದರೂ ಸಹಜವಾಗಿ ಕಾಣಬಹುದು. 1.40ಕ್ಕಿಂತ ಹೆಚ್ಚಿನ ಅಂಕಿಯೂ ಹೃದಯಕ್ಕೆ ಒಳ್ಳೆಯ ಸುದ್ದಿಯಲ್ಲ. ಅಂಥವರಿಗೆ ಸುಣ್ಣ ಅಷ್ಟಾಗಿ ಸೇರದ ಕಾಲ್ಬೆರಳಿನ ನಾಳದಲ್ಲಿ ಒತ್ತಡ ಅಳೆಯುವ ಸೌಲಭ್ಯ ಬೇಕು. ಮೊದಲನೆಯ ಸಂಸ್ಥೆಯಲ್ಲಿ ಅದು ಇರಲಿಲ್ಲ, ಎರಡನೆಯದರಲ್ಲಿತ್ತು. ವಿಶ್ರಾಂತಿಯಲ್ಲಿ ಅಂಕಿ ಸಹಜವಾಗಿದ್ದರೂ ನೋವಿನ ಲಕ್ಷಣ ಸ್ಪಷ್ಟವಾಗಿದ್ದರೆ, ನಡೆಸಿದ ಕೂಡಲೇ ಮತ್ತೆ ಅಳೆಯುವ ವ್ಯವಸ್ಥೆಯೂ ಅಲ್ಲಿತ್ತು.

ಎರಡನೆಯ ಸಂಸ್ಥೆಯಲ್ಲಿ ಬರೆದುಕೊಟ್ಟ ಚಿಕಿತ್ಸೆಯ ಚೀಟಿಯನ್ನು ನೋಡಿದವರಿಗೆ ಅದು ಹೃದ್ರೋಗಿಯ ಚೀಟಿ ಎನಿಸಬೇಕು. ಕೊಲೆಸ್ಟರಾಲ್ ಇಳಿಸಲು ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್, ರಕ್ತದೊತ್ತಡಕ್ಕೆ ಒಂದು ಮಾತ್ರೆ. ಎದೆನೋವಿಲ್ಲದವನಿಗೆ ಸ್ಟ್ಯಾಟಿನ್ ಏಕೆಂದು ಕೇಳಿದೆ. 2002ರಲ್ಲಿ ಪ್ರಕಟವಾದ, 20,536 ಜನರನ್ನೊಳಗೊಂಡ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ ದಿನಕ್ಕೆ 40 ಮಿ.ಗ್ರಾಂ ಸಿಂವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಘಟನೆಗಳು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ತಗ್ಗಿದ್ದನ್ನೂ, ಹೃದ್ರೋಗ ಕಾಣಿಸಿಕೊಂಡಿರದ ಕಾಲಿನ ರೋಗಿಗಳಿಗೂ ಆ ಲಾಭ ಸಿಕ್ಕಿದ್ದನ್ನೂ ಅವರು ತಾಳ್ಮೆಯಿಂದ ವಿವರಿಸಿದರು. ನಡಿಗೆಯ ದೂರವನ್ನು ಹೆಚ್ಚಿಸುವ ಸಿಲೊಸ್ಟಜಾಲ್ ಎಂಬ ಮಾತ್ರೆಯ ವಿಷಯವೂ ಬಂದಿತು, ಆದರೆ ಹೃದಯ ವೈಫಲ್ಯವಿರುವವರಿಗೆ ಅದನ್ನು ಕೊಡುವಂತಿಲ್ಲವಾದ್ದರಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್ ಪರೀಕ್ಷೆ ಆಗುವವರೆಗೆ ಬರೆಯುವುದಿಲ್ಲವೆಂದರು. ಈ ಒಂದು ಎಚ್ಚರಿಕೆಗಾಗಿಯೇ ಆ ಸಂಸ್ಥೆಗೆ ಹೆಚ್ಚು ಅಂಕ ಕೊಡುತ್ತೇನೆ.

ಮೇಲ್ವಿಚಾರಣೆಯಲ್ಲಿ ನಡೆಸುವ ಹನ್ನೆರಡು ವಾರಗಳ ತರಬೇತಿಗೂ ಅಲ್ಲಿಯೇ ಸೇರಿದೆ. ವಾರಕ್ಕೆ ಮೂರು ದಿನ, ಟ್ರೆಡ್‌ಮಿಲ್ ಮೇಲೆ ನೋವು ಚೆನ್ನಾಗಿ ಬರುವವರೆಗೆ ನಡೆದು, ಅದು ಹೋಗುವವರೆಗೆ ಕುಳಿತು, ಮತ್ತೆ ಎದ್ದು ನಡೆಯಬೇಕು. ನೋವಿನವರೆಗೆ ನಡೆಯಿರಿ ಎಂದು ವೈದ್ಯರೇ ಹೇಳುವುದು ಮೊದಲಿಗೆ ವಿಚಿತ್ರವೆನಿಸಿತು. ಪಕ್ಕದಲ್ಲಿ ನಿಂತು ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುವವರು ಇದ್ದುದರಿಂದ ಧೈರ್ಯವಾಯಿತು, ಏಕೆಂದರೆ ಕಾಲು ದೂರ ನಡೆಯಲು ಕಲಿತಂತೆ ಅದುವರೆಗೆ ಮರೆಯಲ್ಲಿದ್ದ ಎದೆನೋವು ಹೊರಬೀಳುವ ಸಾಧ್ಯತೆಯೂ ಇರುತ್ತದೆ. ಅಲ್ಲಿನ ದೂರು ಒಂದೇ, ಬೆಳಗಿನ ಹೊತ್ತಿನ ಸರದಿ ಸಿಗುವುದು ಕಷ್ಟ.

ತರಬೇತಿ ಮುಗಿದ ಮೇಲೆ ಅದೇ ತಂತ್ರಜ್ಞರು ಮತ್ತೆ ಎಬಿಐ ಮಾಡಿದರು. ಮೊದಲು ನಿಲ್ಲುತ್ತಿದ್ದ ದೂರದ ಎರಡರಷ್ಟನ್ನು ನಿಲ್ಲದೆ ನಡೆಯುತ್ತಿದ್ದುದರಿಂದ ಅಂಕಿಯೂ ಏರಿರುತ್ತದೆಂದು ಭಾವಿಸಿದ್ದೆ. ಎಡ ಕಣಕಾಲಿನಲ್ಲಿ ಒತ್ತಡ 108ರಿಂದ 96ಕ್ಕೆ ಇಳಿದಿತ್ತು. ನನ್ನ ಮುಖ ನೋಡಿ ಅವರು ತೋಳಿನ ಅಂಕಿಯ ಕಡೆಗೆ ಬೆರಳು ತೋರಿಸಿದರು: 132. ಭಾಗಿಸಿದರೆ 0.73. ವ್ಯಾಯಾಮದಿಂದ ನಡಿಗೆ ಸುಧಾರಿಸಿದರೂ ಈ ಅಂಕಿ ಹೆಚ್ಚಾಗಿ ಬದಲಾಗುವುದಿಲ್ಲವೆಂದೂ, ಮೂರು ತಿಂಗಳಲ್ಲಿ ನಿಜವಾಗಿ ಬದಲಾದದ್ದು ಗೆರೆಯ ಕೆಳಗಿರುವ ಸಂಖ್ಯೆಯೆಂದೂ ಹೇಳಿ, ಈ ಬಾರಿಯ ವರದಿಯ ಪ್ರತಿಯೊಂದನ್ನು ಹೃದ್ರೋಗ ತಜ್ಞರ ಕಡತಕ್ಕೆ ಸೇರಿಸಿದರು.